ಸರಪಳಿಯಲ್ಲಿದ್ದ ಹಸಿರು ಕ್ಯಾನು

ಫ್ರಾಂಕ್‌ಫರ್ಟ್
ಭಾನುವಾರ, 16 ಜನವರಿ 2000

ಪ್ರೀತಿಯ ಅಕ್ಕ ಹಿಲ್ಟ್ರೂಡ್,

ಅಪ್ಪನ ಸಮಾಧಿ ಈಗ ಇಲ್ಲ. ಈ ಮಾತನ್ನು ಕಾಗದದ ಕೊನೆಯಲ್ಲಿ, ಚಳಿಯ ವಿಷಯವೆಲ್ಲ ಬರೆದಾದ ಮೇಲೆ ಸೇರಿಸಬೇಕೆಂದಿದ್ದೆ. ಆಮೇಲೆ ಸೇರಿಸುವುದೇ ಬೇಡ ಎನ್ನಿಸಿತು. ಈಗ ಮೊದಲ ಸಾಲಿಗೇ ಹಾಕಿದ್ದೇನೆ, ಕೈ ತಪ್ಪಿಸಿಕೊಳ್ಳದಿರಲಿ ಎಂದು.

ಹೋದ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ಭಾನುವಾರದ ದಿನ, ಸಮಾಧಿಗೆ ಹೊದಿಸಲು ಫರ್ ಮರದ ಕೊಂಬೆಗಳನ್ನು ಹಿಡಿದುಕೊಂಡು ಹೋದೆ. ಪಕ್ಕದ ಸಮಾಧಿಗೆ ಬರುವ ಓಕೆಲಮ್ಮನ ಗಂಡನ ಕರಿಕಲ್ಲಿಗೂ ಮೂಲೆಯ ನಲ್ಲಿಗೂ ನಡುವೆ ಹುಲ್ಲಿತ್ತು. ಸಾಲು ತಪ್ಪಿತೆಂದು ಎರಡು ಸಲ ಎಣಿಸಿದೆ. ಎರಡು ಸಲವೂ ಹುಲ್ಲೇ. ಸಮಾಧಿಯ ಜಾಗ ಕೊಡುವುದು ಇಪ್ಪತ್ತು ವರ್ಷಕ್ಕೆ ಮಾತ್ರ, ಆ ಗಡುವು ಮುಗಿದಿರುವುದು ನನಗೆ ಹೊಳೆದಿರಲೇ ಇಲ್ಲ. ಗಡುವು ಮುಗಿದ ಕಲ್ಲಿಗೆ ಸ್ಮಶಾನದವರು ಒಂದು ಚೀಟಿ ಅಂಟಿಸುತ್ತಾರಲ್ಲ, 'ಮನೆಯವರು ದಯವಿಟ್ಟು ಕಚೇರಿಯನ್ನು ಕಾಣಿ' ಎಂದು, ಅದು ತಿಂಗಳುಗಟ್ಟಲೆ ಅಲ್ಲಿ ಅಂಟಿಕೊಂಡು ಮಳೆಗೆ ನೆನೆದಿರಬೇಕು. ಮನೆಯವರು ಯಾರೂ ಬರಲಿಲ್ಲ. ಮನೆಯವರು ಎಂದರೆ ನಾನು.

ಎರಡು ವರ್ಷದಿಂದ ನಾನು ಅಲ್ಲಿಗೆ ಹೋಗಿರಲಿಲ್ಲ. ಮೊದಲನೆಯ ಭಾನುವಾರ ಜ್ವರವಿತ್ತು. ಎರಡನೆಯ ಭಾನುವಾರ ಜ್ವರವಿರಲಿಲ್ಲ. ಆಮೇಲೆ ನಿನಗೆ ಬರೆದ ಕಾಗದಗಳಲ್ಲಿ ಮಾತ್ರ ಪ್ರತಿ ಭಾನುವಾರ ಹೋಗುತ್ತಿದ್ದೆ.

ಈಗ ನೀನು ಇಪ್ಪತ್ತೊಂದು ವರ್ಷದ ಮೇಲೆ ಬರುತ್ತೇನೆಂದು ಬರೆದಿದ್ದೀಯ. ನಿನ್ನ ಕಾಗದ ಓದಿ ಸಂತೋಷಪಡಬೇಕಿತ್ತು. ಮೊದಲು ಬಂದದ್ದು ಭಯ. ಅಪ್ಪನನ್ನು ನೀನು ನನ್ನ ಕೈಗೆ ಬಿಟ್ಟು ಹೋಗಿದ್ದೆ, ನಾನು ಕಳೆದುಹಾಕಿದೆ.

ನಾಳೆ ಇದನ್ನು ಅಂಚೆಗೆ ಹಾಕುತ್ತೇನೆ.

ಲಿಂಡೆ


ಫ್ರಾಂಕ್‌ಫರ್ಟ್
ಸೋಮವಾರ, 17 ಜನವರಿ 2000

ಪ್ರೀತಿಯ ಅಕ್ಕ,

ನಿನ್ನೆ ಒಂದು ಕಾಗದ ಬರೆದೆ. ಅಕ್ಷರ ಚೆನ್ನಾಗಿ ಬರಲಿಲ್ಲ, ಹಾಗಾಗಿ ಹಾಕಲಿಲ್ಲ. ಇದು ಎರಡನೆಯದು.

ಏಪ್ರಿಲ್ ಹದಿನಾಲ್ಕಕ್ಕೆ ಬಂದು ಇಪ್ಪತ್ತೊಂದಕ್ಕೆ ಹೊರಡುವುದು ಒಳ್ಳೆಯದೇ. ಅಷ್ಟೊತ್ತಿಗೆ ದೋಣಿಗಳು ಪೂರ್ತಿ ಓಡುತ್ತಿರುತ್ತವೆ. ನಾನು ಈಗಲೂ ಸೇತುವೆ ಬುಡದ ಟಿಕೆಟ್ ಕಿಟಕಿಯಲ್ಲೇ ಕೂರುತ್ತೇನೆ. ಬೆಳಗಿನ ಪಾಳಿಯನ್ನು ಬದಲಾಯಿಸಿಕೊಂಡು ನಿನ್ನ ಜೊತೆ ಇರಬಹುದು. ನನ್ನ ಚಿಕ್ಕ ಕೋಣೆಯಲ್ಲಿ ಮಂಚ ಹಾಕಿದ್ದೇನೆ. ಕಿಟಕಿಯಿಂದ ಮೂರು ಬ್ಯಾಂಕುಗಳ ಗೋಪುರಗಳು ಕಾಣುತ್ತವೆ. ನೀನು ಹೋದಾಗ ಅವು ಒಂದೂ ಇರಲಿಲ್ಲ.

ಏನೇನು ನೋಡಬೇಕೆಂದು ಬರೆ. ಎಲ್ಲವನ್ನೂ ಹೊಂದಿಸುತ್ತೇನೆ.

ನಿನ್ನ ಲಿಂಡೆ


ಲೂನೆನ್‌ಬರ್ಗ್, ಕೆನಡಾ
2 ಫೆಬ್ರವರಿ 2000

ಲಿಂಡೆ,

ಮಂಚ ಮಡಚಿ ಇಡು. ನಾನು ನಿನ್ನ ಮನೆಗೆ ಬರುತ್ತಿಲ್ಲ, ಊರಿಗೆ ಬರುತ್ತಿದ್ದೇನೆ. ರೈಲು ನಿಲ್ದಾಣದ ಹತ್ತಿರ ಒಂದು ಹೋಟೆಲು ನೋಡು. ಬೆಳಗಿನ ತಿಂಡಿ ಕೊಡಬೇಕು, ಮೊಟ್ಟೆ ಇರಬೇಕು, ಅಷ್ಟೇ ನನ್ನ ಷರತ್ತು.

ಟೂರಿಸ್ಟ್ ಆಗಿ ಬರುತ್ತೇನೆ. ಕೊರಳಿಗೆ ಕ್ಯಾಮರಾ, ಕೈಯಲ್ಲಿ ನಕ್ಷೆ. ದಾರಿ ಗೊತ್ತಿದ್ದರೂ ಜನರನ್ನು ನಿಲ್ಲಿಸಿ ಕೇಳುತ್ತೇನೆ. ಮೂವತ್ತು ವರ್ಷ ಆ ಊರಿನಲ್ಲಿ ಇದ್ದೆ, ಏನು ನೋಡಿದೆ ಹೇಳು. ಎಂಟು ಗಂಟೆಗೆ ಅಪ್ಪ ಬಾಗಿಲಿಗೆ ಬೀಗ ಹಾಕುತ್ತಿದ್ದ. ಏಳೂವರೆಗೆ ಎಲ್ಲಿದ್ದರೂ ಓಡಬೇಕು. ಓಡುವವಳಿಗೆ ಊರು ಕಾಣುತ್ತದೆಯೆ. ಹಗಲೆಲ್ಲ ಬ್ಯಾಂಕಿನ ಬಾಗಿಲಲ್ಲಿ ನಿಂತು ಕಂಡಕಂಡವರಿಗೆ ಬಾಗಿಲು ತೆರೆದು ತಲೆಬಾಗುತ್ತಿದ್ದವನು, ನಾನು ಹತ್ತು ನಿಮಿಷ ತಡವಾಗಿ ಬಂದರೆ ಮೆಟ್ಟಿಲ ಮೇಲೆ ಮಲಗಿಸುತ್ತಿದ್ದ. ನೀನು ಅಡುಗೆಮನೆಯ ಕಿಟಕಿಯಿಂದ ಕಂಬಳಿ ತೂರಿಸುತ್ತಿದ್ದೆ, ನೆನಪಿದೆಯೆ? ಒಂದು ಸಲ ಅದರೊಳಗೆ ಬ್ರೆಡ್ಡನ್ನೂ ಸುತ್ತಿ ಇಟ್ಟಿದ್ದೆ. ಆಗ ನಿನಗೆ ಎಂಟು ವರ್ಷ.

ನನ್ನ ಪಟ್ಟಿ: ಜನ ಹತ್ತಬಹುದು ಎನ್ನುವ ಆ ಹೊಸ ಗೋಪುರದ ತುದಿ. ದೋಣಿ. ಹೊಳೆಯಾಚೆಯ ಬೀದಿಯಲ್ಲಿ ಬೆಂಚಿನ ಮೇಲೆ ಕೂತು ಸೇಬಿನ ವೈನು. ಏಳು ಸೊಪ್ಪಿನ ಹಸಿರು ಗೊಜ್ಜು, ಬೇಯಿಸಿದ ಮೊಟ್ಟೆ, ಆಲೂಗೆಡ್ಡೆ. ನೆಂಟರ ಮನೆ ಬೇಡ, ಹಳೆಯ ನೆರೆಯವರ ಕಾಫಿ-ಕೇಕು ಬೇಡ. ನೀನು ಗೈಡು. ಸಂಬಳ ಒಂದು ಲೋಟ ವೈನು, ಚೆನ್ನಾಗಿ ಮಾಡಿದರೆ ಎರಡು.

ಇಲ್ಲಿ ಹಾಯಿ ಹೊಲಿಯುವ ಕೆಲಸ ಮಾರ್ಚ್ ಪೂರ್ತಿ ಇದೆ. ಬೆರಳೆಲ್ಲ ಸೂಜಿಯ ತೂತು.

ಹಿಲ್ಟ್ರೂಡ್


ಫ್ರಾಂಕ್‌ಫರ್ಟ್
ಭಾನುವಾರ, 13 ಫೆಬ್ರವರಿ 2000

ಪ್ರೀತಿಯ ಅಕ್ಕ,

ಹೋಟೆಲು ಗೊತ್ತುಮಾಡಿದೆ. ಮೊಟ್ಟೆ ಇದೆ.

ನೀನು ಟೂರಿಸ್ಟ್ ಆಗಿ ಬರುತ್ತೀಯೆಂದು ದೋಣಿ ನಡೆಸುವ ಬುರ್ಕ್‌ಹಾರ್ಟನಿಗೆ ಹೇಳಿದೆ. ಅವನು, "ನಿಮ್ಮಕ್ಕ ಅಂದ್ರೆ ಬಿಟ್ಟಿ. ಟೂರಿಸ್ಟ್ ಅಂದ್ರೆ ಪೂರಾ ಟಿಕೆಟ್ಟು. ಯಾವ್ದು ಬೇಕು ಅಂತ ಕೇಳಿ ಹೇಳಿ" ಎಂದ. ನಮ್ಮ ಊರನ್ನು ನೋಡಲೆಂದು ಯಾರಾದರೂ ಬರುತ್ತಾರೆ ಎಂಬುದನ್ನು ಅವನು ಇನ್ನೂ ನಂಬಿಲ್ಲ. ಜನ ಇಲ್ಲಿಗೆ ಬ್ಯಾಂಕಿನ ಕೆಲಸಕ್ಕೆ ಬರುತ್ತಾರೆ, ಒಂದು ರಾತ್ರಿ ಇರುತ್ತಾರೆ, ವಿಮಾನಕ್ಕೆ ಮೂರು ಗಂಟೆ ಉಳಿದಿದ್ದರೆ ನನ್ನ ಕಿಟಕಿಗೆ ಬರುತ್ತಾರೆ. ಮೊನ್ನೆ ಒಬ್ಬ ಕೋಟಿನವನು ಕೇಳಿದ, "ಈ ಊರಲ್ಲಿ ನೋಡೋಕೆ ಏನಿದೆ?"

"ಹೊಳೆ," ಅಂದೆ.

"ಅದು ಬಿಟ್ಟು?"

ನನ್ನ ಹಿಂದಿನಿಂದ ಬುರ್ಕ್‌ಹಾರ್ಟ್, "ಹೊಳೆಯಾಚೆ ದಡ" ಎಂದ. ಟಿಕೆಟ್ ಕೊಂಡ, ಪಾಪ.

ನಿನ್ನ ದಿನಗಳನ್ನು ಹೀಗೆ ಹೊಂದಿಸಿದ್ದೇನೆ. ಶುಕ್ರವಾರ ಬಂದು ವಿಶ್ರಾಂತಿ, ಸಂಜೆ ಚೌಕದ ತನಕ ನಡಿಗೆ. ಶನಿವಾರ ಬೆಳಿಗ್ಗೆ ಹಳೆಯ ಸಾಮಾನಿನ ಸಂತೆ, ಮಧ್ಯಾಹ್ನ ದೋಣಿ, ಸಂಜೆ ಸೇಬಿನ ವೈನು. ಭಾನುವಾರ ಇಡೀ ದಿನ ಊರ ಹೊರಗಿನ ಬೆಟ್ಟ. ಸೋಮವಾರ ಗೋಪುರ. ಮಂಗಳವಾರ ತಾಳೆಮರಗಳ ಗಾಜಿನ ಮನೆ. ಬುಧವಾರ ಎರಡು ಚಿತ್ರಶಾಲೆ. ಗುರುವಾರ ಈಸ್ಟರ್ ವಾರದ ಹಸಿರು ಗುರುವಾರ, ಗೊಜ್ಜು ತಿನ್ನಲು ಅದಕ್ಕಿಂತ ಸರಿಯಾದ ದಿನವಿಲ್ಲ. ಬೆಳಿಗ್ಗೆ ಸಂತೆಗೆ ಹೋಗಿ ಸೊಪ್ಪು ತರೋಣ, ಮಧ್ಯಾಹ್ನ ಹೆಚ್ಚೋಣ. ಶುಕ್ರವಾರ ವಿಮಾನ.

ಇನ್ನೊಂದು ವಿಷಯ. ಉತ್ತರದ ಕಡೆ ಟ್ರಾಮ್ ಹಳಿ ಕಿತ್ತಿದ್ದಾರೆ. ಏಪ್ರಿಲ್ ಮುಗಿಯುವ ತನಕ ಆ ಭಾಗಕ್ಕೆ ಹೋಗುವುದು ಕಷ್ಟ.

ನಿನ್ನ ಲಿಂಡೆ


ಲೂನೆನ್‌ಬರ್ಗ್
1 ಮಾರ್ಚ್ 2000

ಲಿಂಡೆ,

ನಿನ್ನ ಪಟ್ಟಿ ಓದಿ ಕಾಲು ನೋವು ಬಂತು. ಮೂಗು ಒರೆಸಿಕೊಳ್ಳುವುದಕ್ಕೂ ಎಡೆ ಇಲ್ಲ. ಇಂಥ ಪಟ್ಟಿ ಅಪ್ಪನೂ ಹಾಕಿರಲಿಲ್ಲ.

ಬುರ್ಕ್‌ಹಾರ್ಟನಿಗೆ ಹೇಳು, ಪೂರಾ ಟಿಕೆಟ್ಟು.

ನಾನು ಕೇಳದೇ ಇರುವ ದಿಕ್ಕಿನ ಟ್ರಾಮ್ ಬಗ್ಗೆ ಯಾಕೆ ಬರೆದೆ? ಮೊದಲು ನಗು ಬಂತು. ಆಮೇಲೆ ಹಾಯಿಯ ಅಂಚು ಮಡಚುತ್ತ ಯೋಚನೆ ಮಾಡಿದೆ, ಬರಲಿಲ್ಲ ನಗು. ನಾನು ಸ್ಮಶಾನಕ್ಕೆ ಹೋಗುವುದು ನಿನಗೆ ಇಷ್ಟವಿಲ್ಲವೋ ಏನೋ. ಹಾಗಿದ್ದರೆ ಅದು ನ್ಯಾಯವೇ. ಅಪ್ಪನನ್ನು ಮಣ್ಣು ಮಾಡಿದ ಮೂರನೆಯ ದಿನಕ್ಕೆ ನಾನು ವಿಮಾನ ಹತ್ತಿದೆ. ತಿಥಿಯ ಕಾಫಿಗೂ ಕೂರಲಿಲ್ಲ. ಅಷ್ಟು ಕೇಕಿನ ಜೊತೆ ಅಷ್ಟೂ ನೆಂಟರನ್ನು ನಿನ್ನೊಬ್ಬಳ ಮೇಲೆ ಬಿಟ್ಟೆ. ಆಮೇಲೆ ಇಪ್ಪತ್ತು ವರ್ಷ ನೀರು ಹೊತ್ತವಳು ನೀನು.

ಒಂದೇ ಒಂದು ಕೇಳುತ್ತೇನೆ, ಇನ್ನು ಕೇಳುವುದಿಲ್ಲ. ಈ ವಸಂತಕ್ಕೆ ಅಪ್ಪನ ಹತ್ತಿರ ಏನು ನೆಟ್ಟೆ?

ಹಿಲ್ಟ್ರೂಡ್


ಫ್ರಾಂಕ್‌ಫರ್ಟ್
ಭಾನುವಾರ, 12 ಮಾರ್ಚ್ 2000

ಪ್ರೀತಿಯ ಅಕ್ಕ,

ಪ್ರಿಮುಲಾ ನೆಟ್ಟಿದ್ದೇನೆ. ಈ ವರ್ಷ ಹಳದಿ. ಅಂಚಿಗೆ ಒಂದು ಸಾಲು ನೀಲಿ. ನೀಲಿ ಸ್ವಲ್ಪ ಹೆಚ್ಚಾಯಿತು ಎಂದು ಪಕ್ಕದ ಓಕೆಲಮ್ಮ ಹೇಳಿದರು. ಇರಲಿ, ಬಿಸಿಲು ಬಂದರೆ ಹಳದಿ ಹರಡಿಕೊಳ್ಳುತ್ತದೆ.

ನೀನು ಸ್ಮಶಾನಕ್ಕೆ ಬರುವುದು ನನಗೆ ಇಷ್ಟವಿಲ್ಲ ಎಂದಲ್ಲ. ದಯವಿಟ್ಟು ಹಾಗೆ ತಿಳಿಯಬೇಡ. ಟ್ರಾಮ್ ತೊಂದರೆ, ಅಷ್ಟೇ.

ಹೋಟೆಲಿನವರು ಮೂರನೆಯ ಮಹಡಿಯ ಕೋಣೆ ಕೊಡುತ್ತಾರೆ. ಅಂಗಳದ ಕಡೆಗಿದೆ, ಸದ್ದಿಲ್ಲ.

ಲಿಂಡೆ


ಲೂನೆನ್‌ಬರ್ಗ್
24 ಮಾರ್ಚ್ 2000

ಲಿಂಡೆ,

ಅಲ್ಲಿ ನೆಡುವುದಕ್ಕೆ ಜಾಗವೇ ಇಲ್ಲ. ನನಗೆ ಗೊತ್ತು. ತೆಗೆಸಿದವಳು ನಾನು.

ಈ ಕಾಗದವನ್ನು ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ಅಪ್ಪ ಸತ್ತಾಗ ಕಚೇರಿಯಲ್ಲಿ ಹಿರಿಯ ಮಗಳೆಂದು ನನ್ನ ಕೈಯಲ್ಲಿ ರುಜು ಹಾಕಿಸಿಕೊಂಡಿದ್ದರು. ನಿನಗೆ ನೆನಪಿಲ್ಲ, ನೀನು ಹೊರಗೆ ಅಳುತ್ತ ನಿಂತಿದ್ದೆ. ಹಾಗಾಗಿ ಗಡುವು ಮುಗಿದಾಗ ಪತ್ರ ಬಂದದ್ದು ನನಗೆ, ಹೋದ ವರ್ಷ ಏಪ್ರಿಲಿನಲ್ಲಿ. ಎರಡು ಚೌಕ ಇದ್ದವು. ಒಂದು, ಇನ್ನೂ ಇಪ್ಪತ್ತು ವರ್ಷ ಇಟ್ಟುಕೊಳ್ಳುತ್ತೇವೆ. ಇನ್ನೊಂದು, ವಾಪಸು ಕೊಡುತ್ತೇವೆ. ಒಂದು ವಾರ ಅದನ್ನು ಬ್ರೆಡ್ಡಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಆಮೇಲೆ ಎರಡನೆಯ ಚೌಕಕ್ಕೆ ಗೀಟು ಎಳೆದೆ.

ಯಾಕೆ ಎಂದರೆ ನಿನ್ನ ಕಾಗದಗಳು. 'ಇವತ್ತು ಭಾನುವಾರ, ಅಪ್ಪನ ಹತ್ತಿರ ಹೋಗಿದ್ದೆ.' 'ಇವತ್ತು ಮಳೆ, ಆದರೂ ಅಪ್ಪನ ಹತ್ತಿರ ಹೋಗಿದ್ದೆ.' ಹೀಗೆ ಎಷ್ಟು ಭಾನುವಾರ, ಲಿಂಡೆ. ಆ ಮನುಷ್ಯ ಬದುಕಿದ್ದಾಗ ಎಂಟು ಗಂಟೆಗೆ ಬೀಗ ಹಾಕಿದ. ಸತ್ತ ಮೇಲೂ ನಿನ್ನ ಭಾನುವಾರಕ್ಕೆ ಬೀಗ ಹಾಕಿದ. ಕೀಲಿ ನನ್ನ ಕೈಗೆ ಬಂತು, ತೆಗೆದೆ. ಇದು ಒಳ್ಳೆಯ ಅರ್ಧ. ಕೆಟ್ಟ ಅರ್ಧವೂ ಇದೆ: ಇನ್ನೂ ಇಪ್ಪತ್ತು ವರ್ಷ ಅವನಿಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಮೆಟ್ಟಿಲ ಚಳಿ ಇನ್ನೂ ಬೆನ್ನಲ್ಲಿದೆ.

ನಿನಗೆ ಹೇಳಬೇಕಿತ್ತು. ಮುಂದಿನ ಕಾಗದದಲ್ಲಿ ಹೇಳುತ್ತೇನೆ ಅಂದುಕೊಂಡೆ. ನೀನು ಭಾನುವಾರ ಹೋಗಿದ್ದೆ ಎಂದು ಬರೆಯುತ್ತಲೇ ಇದ್ದೆ. ಕಚೇರಿಯವರು ತೆಗೆಯಲು ತಡ ಮಾಡಿದರೇನೋ ಅಂದುಕೊಂಡು ನಾನೂ ಸುಮ್ಮನಿದ್ದೆ. ಅಕ್ಟೋಬರಿನಲ್ಲಿ ತೆಗೆದಾಯಿತು ಎಂದು ಅವರ ಪತ್ರ ಬಂತು. ಅದಾದ ಮೇಲೂ ನೀನು ಹೋಗಿದ್ದೆ ಎಂದೇ ಬರೆದೆ. ಈಗ ಪ್ರಿಮುಲಾ ಎನ್ನುತ್ತೀಯ, ನೀಲಿ ಅಂಚು ಎನ್ನುತ್ತೀಯ. ಅಂದರೆ ನಿನಗೆ ಗೊತ್ತಿದೆ. ನಾನು ಬಂದು ನೋಡಿದರೆ ಎದೆಯೊಡೆದುಕೊಳ್ಳುತ್ತೇನೆಂದು ಸುಳ್ಳು ಹೂವು ನೆಡುತ್ತಿದ್ದೀಯ. ನಾನು ಮಾಡಿದ್ದಕ್ಕೆ ನೀನು ಹೊದಿಕೆ ಹೊದಿಸುತ್ತಿದ್ದೀಯ, ಎಂಟು ವರ್ಷದವಳಿದ್ದಾಗಿನ ಹಾಗೇ.

ಟೂರಿಸ್ಟ್ ಆಗಿ ಬರುತ್ತೇನೆ ಎಂದದ್ದು ಅದಕ್ಕೇ. ಟೂರಿಸ್ಟರನ್ನು ಯಾರೂ ಸಮಾಧಿಗೆ ಕರೆದುಕೊಂಡು ಹೋಗುವುದಿಲ್ಲ.

ಸಿಟ್ಟಾಗಿದ್ದರೆ ವಿಮಾನ ನಿಲ್ದಾಣಕ್ಕೆ ಬರಬೇಡ. ನಕ್ಷೆ ಇದೆ ನನ್ನ ಹತ್ತಿರ.

ಹಿಲ್ಟ್ರೂಡ್


ಫ್ರಾಂಕ್‌ಫರ್ಟ್
ಭಾನುವಾರ, 26 ಮಾರ್ಚ್ 2000

ಪ್ರೀತಿಯ ಅಕ್ಕ,

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಜನವರಿ ಹದಿನಾರರಂದು ಬರೆದದ್ದು. ಅದನ್ನು ಮೊದಲು ಓದು.

ಓದಿದೆಯಾ? ಪ್ರಿಮುಲಾ ಸುಳ್ಳು. ನೀಲಿ ಅಂಚಂತೂ ಯಾಕೆ ಬರೆದೆನೋ ನನಗೇ ತಿಳಿಯದು. ಟ್ರಾಮ್ ಹಳಿ ಗಟ್ಟಿಯಾಗಿಯೇ ಇದೆ. ಸುಳ್ಳು ಹೇಳುವಾಗ ಅಷ್ಟು ವಿವರ ಬೇಕಿಲ್ಲ ಎಂದು ನಲವತ್ತೈದನೆಯ ವಯಸ್ಸಿನಲ್ಲಿ ಕಲಿತೆ.

ಈ ಹಾಳೆ ಇವತ್ತೂ ಮೇಜಿನ ಖಾನೆಯಲ್ಲೇ ಉಳಿಯುತ್ತಿತ್ತು. ನಿನ್ನೆ ಮಧ್ಯಾಹ್ನ ಓಕೆಲಮ್ಮ ಮಗಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ದೋಣಿಗೆ ಬಂದರು. ಕಿಟಕಿಯೊಳಗೆ ನನ್ನನ್ನು ನೋಡಿ, ಹಿಂದೆ ಹನ್ನೆರಡು ಜನ ಸಾಲಿನಲ್ಲಿ ನಿಂತಿರುವಾಗ, ಎತ್ತರದ ದನಿಯಲ್ಲಿ ಶುರುಮಾಡಿದರು.

"ಗೆರ್ಲಿಂಡೆ ಅವ್ರೇ, ಬದುಕಿದ್ದೀರಾ? ನೀವು ಗಿಡಕ್ಕೆ ನೀರು ಹಾಕ್ತಿದ್ದ ಹಸಿರು ಕ್ಯಾನು ಇನ್ನೂ ನಲ್ಲಿ ಹತ್ರಾನೇ ನೇತಾಡ್ತಿದೆ. ಸರಪಳಿ ತುಕ್ಕು ಹಿಡಿದಿದೆ. ತೋಟದವ್ನು ಕತ್ತರಿಸಿ ಬಿಸಾಕ್ತೀನಿ ಅಂತಾನೆ, ನಾನೇ ಬೇಡಪ್ಪಾ, ಆಯಮ್ಮ ಬರ್ತಾರೆ ಅಂತ ತಡೆದಿದ್ದೀನಿ. ಬರ್ತೀರೋ ಇಲ್ವೋ?"

"ಬರ್ತೀನಿ," ಅಂದೆ.

"ಯಾವಾಗ?"

"ಅಕ್ಕ ಬರ್ತಾಳೆ. ಬಂದ್ಮೇಲೆ."

"ಆಯ್ತು. ಎರಡು ದೊಡ್ಡೋರು, ಮೂರು ಮಕ್ಕಳು. ಚಿಕ್ಕೋನಿಗೆ ಆರು ಆಗಿಲ್ಲ, ನೋಡೋಕೆ ಹಾಗೆ ಕಾಣ್ತಾನೆ ಅಷ್ಟೆ."

ಅವರಿಗೆ ಎಲ್ಲ ಗೊತ್ತಿದೆ ಎಂದು ಆಗ ತಿಳಿಯಿತು. ಕಲ್ಲು ಎತ್ತುವಾಗ ಪಕ್ಕದಲ್ಲೇ ನಿಂತು ನೋಡಿರುತ್ತಾರೆ. ಊರಿಗೆಲ್ಲ ಗೊತ್ತಿರುವುದನ್ನು ನಿನ್ನೊಬ್ಬಳಿಂದ ಮುಚ್ಚಿಡಲು ಚಿತ್ರಶಾಲೆ ಎರಡು ಸೇರಿಸಿದೆ.

ನಿನಗೆ ಚಿತ್ರ ಎಂದರೆ ಬೇಸರ ಎಂಬುದೂ ನನಗೆ ಗೊತ್ತು. ಕ್ಷಮಿಸು.

ಲಿಂಡೆ


ಫ್ರಾಂಕ್‌ಫರ್ಟ್
ಸೋಮವಾರ, 3 ಏಪ್ರಿಲ್ 2000

ಅಕ್ಕಾ,

ನಿನ್ನ 24ರ ಕಾಗದ ಇವತ್ತು ಬಂತು. ನಾನು 26ಕ್ಕೆ ಬರೆದದ್ದು ಇನ್ನೂ ನಿನ್ನನ್ನು ಮುಟ್ಟಿರಲಾರದು. ಎರಡೂ ಸಮುದ್ರದ ಮೇಲೆ ಎಲ್ಲೋ ಎದುರುಬದುರಾಗಿ ಹೋಗಿವೆ.

ಸುಳ್ಳು ಹೇಳಬಾರದೆಂದು ಈಗಷ್ಟೇ ನಿಶ್ಚಯಿಸಿರುವುದರಿಂದ ಇದ್ದದ್ದನ್ನು ಬರೆಯುತ್ತೇನೆ. ಮೊದಲು ಸಿಟ್ಟು ಬಂತು. ಎರಡು ಗಂಟೆ ಹೊತ್ತು ಇಳಿಯಲಿಲ್ಲ. ನವೆಂಬರಿನಿಂದ ನಾನು ನಿದ್ದೆ ಸರಿಯಾಗಿ ಮಾಡಿಲ್ಲ, ಅಕ್ಕ. ಕಚೇರಿಗೆ ಹೋಗಿ ಕೇಳುವುದಕ್ಕೂ ಮುಖವಿರಲಿಲ್ಲ. ನೀನು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಹದಿನೆಂಟು ವರ್ಷ ನೀರು ಹೊತ್ತವಳನ್ನು ಒಂದು ಮಾತು ಕೇಳಬೇಕಿತ್ತು.

ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಆಮೇಲೆ ಯೋಚಿಸಿದೆ. ಇಟ್ಟುಕೊಳ್ಳೋಣ ಎನ್ನುತ್ತಿದ್ದೆ. ಖಂಡಿತ ಹಾಗೇ ಎನ್ನುತ್ತಿದ್ದೆ. ಹಾಗೆ ಹೇಳಿ ಇನ್ನೂ ಇಪ್ಪತ್ತು ವರ್ಷ ಹೋಗದೆ ಇರುತ್ತಿದ್ದೆ, ಹೋದೆನೆಂದು ನಿನಗೆ ಬರೆಯುತ್ತಿದ್ದೆ. ಅಷ್ಟು ಹೊತ್ತಿಗೆ ನನಗೆ ಅರವತ್ತೈದು.

ಅಪ್ಪನನ್ನು ನಾನು ಕಳೆದುಹಾಕಲಿಲ್ಲ. ಈ ಸಾಲನ್ನು ಬರೆದು ಸ್ವಲ್ಪ ಹೊತ್ತು ನೋಡಿದೆ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿದೆ. ಇಷ್ಟು ಹಗುರಾಗುವುದು ಸರಿಯೇ ಎಂದು ಕೇಳಿಕೊಂಡೆ. ಉತ್ತರ ಬರುವ ಮೊದಲು ಹಸಿವಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಎರಡು ತಟ್ಟೆ ತಿಂದೆ.

ವಿಮಾನ ನಿಲ್ದಾಣಕ್ಕೆ ಬರುತ್ತೇನೆ. ನಿನ್ನ ಹೆಸರು ಬರೆದ ಫಲಕ ಹಿಡಿದು ನಿಲ್ಲುತ್ತೇನೆ, ಟೂರಿಸ್ಟರಿಗೆ ಮಾಡುವ ಹಾಗೆ.

ಲಿಂಡೆ


ಲೂನೆನ್‌ಬರ್ಗ್
4 ಏಪ್ರಿಲ್ 2000

ಲಿಂಡೆ,

ನಿನ್ನ ಎರಡು ಹಾಳೆ ಬಂತು. ಹಾಯಿ ಹೊಲಿಯುವ ಮಾಳಿಗೆಯಲ್ಲಿ ಕೂತು ಓದಿದೆ. ಮೊದಲನೆಯದಕ್ಕೆ ಅತ್ತೆ, ಎರಡನೆಯದಕ್ಕೆ ನಕ್ಕೆ. ಕೆಳಗಿನಿಂದ ಯಜಮಾನ, "ಏನಾಯ್ತಮ್ಮ, ಸೂಜಿ ಚುಚ್ಚಿತಾ?" ಎಂದು ಕೂಗಿದ.

ಎರಡು ವರ್ಷ ನೀನು ಹೋಗಿರಲಿಲ್ಲ. ಅದಕ್ಕಾಗಿ ನಾನು ಯಾರಿಗೆ ಧನ್ಯವಾದ ಹೇಳಲಿ? ನಾನು ಬೀಗ ತೆಗೆಯುವ ಮೊದಲೇ ನೀನು ಕಿಟಕಿಯಿಂದ ಹಾರಿದ್ದೆ. ತಪ್ಪೊಪ್ಪಿಕೊಳ್ಳುವ ಕಾಗದದಲ್ಲೂ ನೀನು ಇಷ್ಟು ಅಚ್ಚುಕಟ್ಟಾಗಿ ಬರೆಯುತ್ತೀಯಲ್ಲ, ಅದಕ್ಕೆ ಮಾತ್ರ ನನಗೆ ಸಿಟ್ಟಿದೆ.

ಚಿತ್ರಶಾಲೆ ಎರಡನ್ನೂ ಹೊಡೆದುಹಾಕು. ಆ ಕ್ಯಾನನ್ನು ಪಟ್ಟಿಗೆ ಸೇರಿಸು. ಬೀಗದ ಕೈ ಇಟ್ಟಿದ್ದೀಯ ತಾನೆ?

ಹಿ.


(ಗೋಪುರದ ತುದಿಯಿಂದ ತೆಗೆದ ಊರಿನ ಚಿತ್ರವಿರುವ ಕಾರ್ಡು)

ಫ್ರಾಂಕ್‌ಫರ್ಟ್
ಸೋಮವಾರ, 17 ಏಪ್ರಿಲ್ 2000

ಲಿಂಡೆ, ಇದನ್ನು ಐವತ್ತಾರನೆಯ ಅಂತಸ್ತಿನ ಮೇಲಿಂದ ಬರೆಯುತ್ತಿದ್ದೇನೆ. ನೀನು ಪಕ್ಕದಲ್ಲೇ ನಿಂತು, ಗಾಳಿ ಜಾಸ್ತಿ, ಕಿವಿ ಮುಚ್ಚಿಕೋ ಎನ್ನುತ್ತಿದ್ದೀಯ. ಊರು ಚೆನ್ನಾಗಿದೆ. ಇಲ್ಲಿ ಹುಟ್ಟಿದವರು ಅದೃಷ್ಟವಂತರು. ನೀನೂ ಒಮ್ಮೆ ಬಂದು ನೋಡು. ಹಿ.


ಫ್ರಾಂಕ್‌ಫರ್ಟ್
ಈಸ್ಟರ್ ಭಾನುವಾರ, 23 ಏಪ್ರಿಲ್ 2000

ಪ್ರೀತಿಯ ಅಕ್ಕ,

ನಿನ್ನ ಕಾರ್ಡು ನಿನ್ನೆ ಬಂತು. ಒಂದೂವರೆ ಮೈಲು ಬರಲು ಐದು ದಿನ. ಅಡುಗೆಮನೆಯ ಕಿಟಕಿಗೆ ಒರಗಿಸಿ ಇಟ್ಟಿದ್ದೇನೆ. ಚಿತ್ರದಲ್ಲಿ ನನ್ನ ಮನೆ ಕಾಣುತ್ತದೆಯೆ ಎಂದು ಭೂತಗನ್ನಡಿ ಹಿಡಿದು ಹುಡುಕಿದೆ. ಮನೆ ಸಿಗಲಿಲ್ಲ, ಸ್ಮಶಾನ ಸಿಕ್ಕಿತು. ಅಂಗೈಯಗಲದ ಹಸಿರು. ಗೋಪುರದ ಮೇಲೆ ಆ ದಿನ ಅದು ಎದುರಿಗೇ ಇತ್ತು, ನಾನೂ ತೋರಿಸಲಿಲ್ಲ, ನೀನೂ ಕೇಳಲಿಲ್ಲ. ಆದರೆ ಇಬ್ಬರೂ ಉತ್ತರದ ಕಟಕಟೆಯ ಹತ್ತಿರವೇ ಬಹಳ ಹೊತ್ತು ನಿಂತಿದ್ದೆವು.

ನಡೆದದ್ದನ್ನೆಲ್ಲ ನಿನಗೇ ಬರೆಯುವುದು ವಿಚಿತ್ರ. ನೀನೂ ಅಲ್ಲಿದ್ದೆ. ಆದರೂ ಬರೆಯುತ್ತೇನೆ. ಇಷ್ಟು ವರ್ಷ ನಡೆಯದೇ ಇದ್ದದ್ದನ್ನು ಬರೆದಿದ್ದೇನೆ, ಅದಕ್ಕೆ ಸಮವಾಗಲಿ.

ಶನಿವಾರ ಬುರ್ಕ್‌ಹಾರ್ಟ್ ನಿನ್ನಿಂದ ಪೂರಾ ಟಿಕೆಟ್ ತೆಗೆದುಕೊಂಡ. ಸಂಜೆ ಹೊಳೆಯಾಚೆಯ ಅಂಗಳದಲ್ಲಿ ಬೆಂಚು ತುಂಬಿತ್ತು. ಆ ದಪ್ಪ ಮನುಷ್ಯ ತನ್ನ ಪಕ್ಕ ಸರಿದು ಜಾಗ ಕೊಟ್ಟ, ನಿನ್ನ ಕ್ಯಾಮರಾ ನೋಡಿ, "ಎಲ್ಲಿಯವ್ರು ನೀವು?" ಎಂದ.

"ಕೆನಡಾ," ಅಂದೆ ನೀನು.

"ಅರೆ, ನಮ್ಮೂರ ಮಾತು ಎಷ್ಟು ಚೆನ್ನಾಗಿ ಆಡ್ತೀರಿ. ಎಲ್ಲಿ ಕಲಿತ್ರಿ?"

"ಮೆಟ್ಟಿಲ ಮೇಲೆ," ಅಂದೆ ನೀನು.

ಅವನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕ, ಬೂದುಬಣ್ಣದ ಮಣ್ಣಿನ ಹೂಜಿಯಿಂದ ನಿನ್ನ ಲೋಟ ತುಂಬಿಸಿದ. ನಾನು ಮಾತ್ರ ನಗಲಿಲ್ಲ. ನೀನು ನನ್ನ ಕಡೆ ನೋಡಿ, "ಗೈಡಮ್ಮ, ಎರಡನೇ ಲೋಟ ಸಂಪಾದಿಸ್ಕೊಂಡಿದೀಯ, ಕುಡಿ" ಎಂದೆ. ನನಗೆ ಆಗ ನಗು ಬಂತು, ವೈನು ಮೂಗಿಗೆ ಹತ್ತಿತು. ಎಂಟೂ ಕಾಲಾಗಿತ್ತು. ಗಡಿಯಾರ ನೋಡಿದವಳು ನಾನೊಬ್ಬಳೇ ಅಲ್ಲ ಎಂದು ಆಮೇಲೆ ತಿಳಿಯಿತು.

ಗುರುವಾರ ಬೆಳಿಗ್ಗೆ ಸಂತೆಯಲ್ಲಿ ಬಿಳಿ ಕಾಗದದಲ್ಲಿ ಸುತ್ತಿದ ಏಳು ಸೊಪ್ಪು ಕೊಂಡೆವು. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಉತ್ತರದ ಟ್ರಾಮ್ ಹತ್ತಿದೆವು. ನೀನು ನಿಲ್ದಾಣ ಬಂದಾಗಲೆಲ್ಲ ಹೊರಗೆ ಬಗ್ಗಿ, "ಹಳಿ ಎಲ್ಲಿ ಕಿತ್ತಿದಾರೆ? ಇಲ್ಲೇನಾ? ಇನ್ನೂ ಮುಂದೇನಾ?" ಎಂದು ಕೇಳುತ್ತಿದ್ದೆ. ಎದುರು ಕೂತ ಹೆಂಗಸು ಗಾಬರಿಯಾಗಿ, "ಕಿತ್ತಿದಾರಾ? ಇವತ್ತಾ?" ಎಂದಳು.

ಗೇಟಿನೊಳಗೆ ಕಾಲಿಟ್ಟಾಗ ನಿನ್ನ ನಡಿಗೆ ನಿಧಾನವಾಯಿತು. ನಾನು ಕೈ ಹಿಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ ನೀನೇ ಹಿಡಿದೆ. ಹುಲ್ಲು ನವೆಂಬರಿಗಿಂತ ದಟ್ಟವಾಗಿತ್ತು. ಡೇಸಿ ಹೂಗಳಿದ್ದವು, ಯಾರೂ ನೆಟ್ಟದ್ದಲ್ಲ. "ಹಳದಿ ಇಲ್ಲ," ಅಂದೆ ನೀನು. "ನೀಲಿ ಅಂಚೂ ಇಲ್ಲ." ನೀನು ಅಳುತ್ತೀಯೆಂದು ನಾನು ಕಾದೆ. ಅಳಲಿಲ್ಲ. ನೀನು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ನಡೆದೆ. "ಇಷ್ಟೇನಾ ಅವನು?" ಎಂದು ನೀನು ಕೇಳಿದ ದನಿ ಬೈಗುಳದ್ದಾಗಿರಲಿಲ್ಲ. ಅದಕ್ಕೆ ಉತ್ತರ ಈಗ ಕೊಡುತ್ತೇನೆ: ಇಷ್ಟೇ ಅಲ್ಲ. ಒಮ್ಮೆ ಅಪ್ಪ ನನ್ನನ್ನು ಬ್ಯಾಂಕಿನ ತಿರುಗುವ ಬಾಗಿಲಿನಲ್ಲಿ ಏಳು ಸುತ್ತು ಸುತ್ತಿಸಿದ್ದರು, ಯಾರೂ ಇಲ್ಲದ ಶನಿವಾರ. ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ನಿನಗೆ ಹಾಗೆ ಮಾಡಿರಲಿಲ್ಲ ಎಂದು. ಅದೂ ಇತ್ತು, ಮೆಟ್ಟಿಲೂ ಇತ್ತು. ಎರಡನ್ನೂ ಒಂದೇ ಕಲ್ಲಿನ ಮೇಲೆ ಕೆತ್ತಲು ಆಗುತ್ತಿರಲಿಲ್ಲ.

ಆಮೇಲೆ ಕ್ಯಾನು. ನಲ್ಲಿಯ ಪಕ್ಕದ ಕಂಬಿಯಲ್ಲಿ ಹತ್ತು ಹನ್ನೆರಡು ಕ್ಯಾನುಗಳ ನಡುವೆ ನನ್ನದು, ಸೈಕಲ್ ಸರಪಳಿಯಲ್ಲಿ. ಸತ್ತವರ ನಡುವೆ ನೀರಿನ ಕ್ಯಾನು ಕದಿಯುವವರು ಯಾರಿರುತ್ತಾರೆ ಎಂದು ನೀನು ಕೇಳಿದಾಗ, ಎಲ್ಲರೂ ಎಂದೆ. ಬೀಗದ ಕೈ ಒಳಗೆ ಹೋಯಿತು, ತಿರುಗಲಿಲ್ಲ. ನಾನು ತಿರುಗಿಸಿದೆ, ನೀನು ತಿರುಗಿಸಿದೆ. ಅಷ್ಟರಲ್ಲಿ ಓಕೆಲಮ್ಮ.

"ಕೊನೆಗೂ ಬಂದ್ರಾ? ಇವ್ರೇನಾ ಕೆನಡಾ ಅಕ್ಕ? ಬಿಡಿ ಬಿಡಿ, ಹಾಗೆ ಎಳೆದ್ರೆ ಕೈ ಮುರೀತದೆ." ಚೀಲದಿಂದ ಕೈಗೆ ಹಚ್ಚುವ ಕ್ರೀಮು ತೆಗೆದು ಬೀಗದ ಬಾಯಿಗೆ ಮೆತ್ತಿದರು. ಎರಡು ನಿಮಿಷ ಮೂವರೂ ಬೀಗವನ್ನು ನೋಡುತ್ತ ನಿಂತೆವು. ಆಮೇಲೆ ತೆರೆಯಿತು.

ನೀನು ಕ್ಯಾನಿಗೆ ನೀರು ತುಂಬಿದೆ. ತುಂಬಿದ ಮೇಲೆ ಯಾರಿಗೆ ಹಾಕುವುದೆಂದು ತಿಳಿಯದೆ ಓಕೆಲಮ್ಮನ ಗಂಡನ ಪ್ಯಾನ್ಸಿ ಹೂಗಳಿಗೆ ಬಗ್ಗಿಸಿದೆ.

"ಸಾಕು ಸಾಕು," ಎಂದರು ಓಕೆಲಮ್ಮ. "ಬದುಕಿದ್ದಾಗ್ಲೂ ಅವ್ರಿಗೆ ನೀರು ಸೇರ್ತಿರ್ಲಿಲ್ಲ."

ಆಗ ನೀನು ನಕ್ಕ ಸದ್ದಿಗೆ ಮರದ ಮೇಲಿನ ಪಾರಿವಾಳ ಹಾರಿತು. ಸ್ಮಶಾನದಲ್ಲಿ ಯಾರಾದರೂ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಬಾಯಿ ಮುಚ್ಚು ಎನ್ನಲು ಹೋದೆ, ಎನ್ನಲಿಲ್ಲ. ಓಕೆಲಮ್ಮನಿಗೆ ಸ್ವಲ್ಪ ಸೊಪ್ಪು ಕೊಟ್ಟು ಬರೋಣ ಎಂದೆ ನೀನು. ಏಳರಲ್ಲಿ ಒಂದು ಹಿಡಿ ಕಡಿಮೆಯಾಯಿತು. ಗೊಜ್ಜು ಹುಳಿ ಕಡಿಮೆ ಎಂದು ನನಗೆ ಗೊತ್ತಾಯಿತು, ನಿನಗೆ ಗೊತ್ತಾಗಲಿಲ್ಲ. ನೀನು ಮೂರು ಮೊಟ್ಟೆ ತಿಂದೆ.

ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವ ಆ ಹುಡುಗಿ ಕ್ಯಾನು ನೋಡಿ, "ಇದು ಏನಮ್ಮ?" ಎಂದಳು. "ನಿಮ್ಮೂರಿಂದ ಒಯ್ತಿರೋ ನೆನಪಿನ ವಸ್ತು," ಎಂದೆ ನೀನು. "ಗೋಪುರದ ಗೊಂಬೆ ಸಿಗಲಿಲ್ವಾ?" ಎಂದಳು. ಆದರೂ ಬಿಟ್ಟಳು. ನೀನು ಗಾಜಿನಾಚೆ ಹೋಗುವಾಗ ಕ್ಯಾನಿನ ಮೂತಿ ಒಂದು ಕಡೆ, ಕ್ಯಾಮರಾ ಇನ್ನೊಂದು ಕಡೆ ತೂಗುತ್ತಿತ್ತು. ಇಷ್ಟು ಹೆಮ್ಮೆಯಿಂದ ನಮ್ಮೂರಿನಿಂದ ಹೋದ ಟೂರಿಸ್ಟರನ್ನು ನಾನು ಕಂಡಿಲ್ಲ.

ಅಲ್ಲಿ ಅದರಿಂದ ಏನಕ್ಕಾದರೂ ನೀರು ಹಾಕು. ಟೊಮ್ಯಾಟೊ ಆದರೆ ಒಳ್ಳೆಯದು, ತಿನ್ನಬಹುದು.

ಇವತ್ತು ಭಾನುವಾರ. ಅಭ್ಯಾಸದಿಂದ ಬೇಗ ಎದ್ದೆ. ಎರಡು ವರ್ಷದಿಂದ ಹೋಗದಿದ್ದರೂ ಪ್ರತಿ ಭಾನುವಾರ ಹೋಗದೆ ಇರುವ ಕೆಲಸವನ್ನು ಮಾಡುತ್ತಿದ್ದೆ, ಅದೂ ದಣಿವೇ. ಇವತ್ತು ಅದೂ ಇರಲಿಲ್ಲ. ಚರ್ಚುಗಳ ಗಂಟೆಗಳು ಎಲ್ಲ ಕಡೆಯಿಂದ ಮೊಳಗುತ್ತಿದ್ದವು. ಕಾಫಿ ತಣ್ಣಗಾಗುವ ತನಕ ಕಿಟಕಿಯಲ್ಲಿ ಕೂತಿದ್ದೆ, ಮತ್ತೆ ಬಿಸಿ ಮಾಡಿ ಮತ್ತೆ ಕೂತೆ. ಮಧ್ಯಾಹ್ನ ನನ್ನದೇ ಕಿಟಕಿಗೆ ಹೋಗಿ ಒಂದು ಟಿಕೆಟ್ ಕೇಳಿದೆ. ಬುರ್ಕ್‌ಹಾರ್ಟ್, "ಸಿಬ್ಬಂದಿಗೆ ಬಿಟ್ಟಿ" ಎಂದ. "ಪೂರಾ ಟಿಕೆಟ್ಟು," ಎಂದೆ.

ಇಷ್ಟು ವರ್ಷ ನಿನ್ನ ಕಾಗದಗಳನ್ನು ಸ್ಮಶಾನದ ಗೇಟಿನ ಅಂಚೆ ಡಬ್ಬಿಗೇ ಹಾಕುತ್ತಿದ್ದೆ. ಹೋಗುವುದನ್ನು ಬಿಟ್ಟ ಮೇಲೂ ಅಷ್ಟು ದೂರ ಹೋಗಿ ಅದೇ ಡಬ್ಬಿಗೆ ಹಾಕಿ, ಒಳಗೆ ಹೋಗದೆ ವಾಪಸು ಬರುತ್ತಿದ್ದೆ. ಇದನ್ನು ಸೇತುವೆ ಬುಡದ ಡಬ್ಬಿಗೆ ಹಾಕುತ್ತೇನೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ. ನಾಳೆಯೂ ರಜೆ. ಆದ್ದರಿಂದ ಮಂಗಳವಾರ, ಏಪ್ರಿಲ್ 25.

ಲಿಂಡೆ